ಬಾಗಿಲಿಗೆ ಕಟ್ಟಿದ ಕೆಂಪು ಬಟ್ಟೆ

ಶಾಲೆಯ ಮೇಲ್ಮಹಡಿಯಿಂದ
ಶುಕ್ರವಾರ, ಬೆಳಿಗ್ಗೆ

ರೀ,

ಸೊಂಟದ ನೋವು ಹೇಗಿದೆ? ಹಡಗಿನಲ್ಲಿ ಭಾರ ಎತ್ತಬೇಡಿ ಅಂದರೆ ಕೇಳುವ ಪೈಕಿಯಲ್ಲ ನೀವು. ಮೊದಲೇ ಹೇಳಿಬಿಡುತ್ತೇನೆ, ಮಗು ಕ್ಷೇಮ, ಅತ್ತೆ ಕ್ಷೇಮ. ಈಗ ಕೂತುಕೊಂಡು ಓದಿ. ಫೋನಿನ ಟವರ್ ಉರುಳಿದೆ, ಅದಕ್ಕೇ ಈ ಕಾಗದ. ನನಗೆ ನಿದ್ದೆಯಿಲ್ಲ, ಮಗು ಕೆಮ್ಮಿದರೂ ಹೊಳೆಯ ಒಡ್ಡು ಮತ್ತೆ ಒಡೆಯಿತೇನೋ ಅಂತ ಎದ್ದು ಕೂರುತ್ತೇನೆ.

ನೆರೆ ರಕ್ಷಣಾ ತಂಡದಿಂದ ನಮ್ಮ ತಗ್ಗಿನ ಬೀದಿಗೆಲ್ಲ ನಾನೇ ಕೆಂಪು ಬಟ್ಟೆ ಹಂಚಿದ್ದೆನಲ್ಲ, ನಡೆಯಲಾಗದವರು ಒಳಗಿದ್ದರೆ ಬಾಗಿಲಿಗೆ ಕಟ್ಟಿ, ದೋಣಿ ಮೊದಲು ಅಲ್ಲಿಗೇ ಬರುತ್ತದೆ ಅಂತ. ಎಲ್ಲರೂ ತಲೆಯಾಡಿಸಿದ್ದರು. ಮಂಗಳವಾರ ಮಧ್ಯಾಹ್ನ ಒಡ್ಡು ಒಡೆದಾಗ ಎಲ್ಲರೂ ಬಟ್ಟೆ ಕಟ್ಟಿಟ್ಟೇ ಓಡಿದ್ದಾರೆ! ಬಟ್ಟೆ ಕಂಡರೆ ಒಳಗೆ ಜನ ಇದ್ದಾರೆಂದು ಕಳ್ಳ ಬರುವುದಿಲ್ಲವಂತೆ. ಮಗುವನ್ನು ಇಲ್ಲಿಗೆ ಮುಟ್ಟಿಸಿ ನಾನು ದೋಣಿ ಹತ್ತುವಷ್ಟರಲ್ಲಿ ನೀರು ಗೂಳಿಯ ಹಾಗೆ ನುಗ್ಗಿ ದರ್ಜಿಯ ಗೋಡೆಯನ್ನು ಒದ್ದು ಕೆಡವಿತ್ತು. ಕಟ್ಟಿಹಾಕಿದ್ದ ಹಸು ಕೊರಳಿಗೆ ಹಗ್ಗ ಬಿಗಿದುಕೊಂಡು, ಕಣ್ಣು ಬಿಟ್ಟುಕೊಂಡೇ ಸತ್ತಿತು. ಬಟ್ಟೆ ಕಂಡಲ್ಲೆಲ್ಲ ಕೊಡಲಿಯಿಂದ ಬಾಗಿಲು ಒಡೆದೆವು. ಒಳಗೆ ತೇಲುವ ಪಾತ್ರೆ, ಚಪ್ಪಲಿ. ಅಂಗೈ ಸುಲಿದು ಕೊಡಲಿಯ ಹಿಡಿ ರಕ್ತಕ್ಕೆ ಜಾರುತ್ತಿತ್ತು.

ಬಟ್ಟೆಯಿಲ್ಲದ್ದು ನಮ್ಮ ಮನೆಗೆ ಮಾತ್ರ. "ನನಗ್ಯಾಕೆ, ಸೊಸೆಯೇ ತಂಡದಲ್ಲಿದ್ದಾಳೆ" ಅಂತ ಅತ್ತೆ ಅದನ್ನು ಪಕ್ಕದ ಮನೆಗೆ ದಾನ ಮಾಡಿದ್ದರು. ಮಂಡಿ ಹಿಡಿದು ನಡೆಯಲಾಗದ ಅವರನ್ನು ಎತ್ತಿಕೊಂಡು ಬರುವ ಹೊಣೆ ಭಾವನದು. ಭಾವನನ್ನು ಅವರ ಗಿರಣಿಯ ಸೂರಿನಿಂದ ದೋಣಿಗೆ ಇಳಿಸಿಕೊಂಡರೆ, ಅವರು ತಬ್ಬಿಕೊಂಡಿದ್ದು ಗಿರಣಿಯ ಮೋಟಾರನ್ನು! "ಅಮ್ಮ ಆಗಲೇ ಹೋಗಿರ್ತಾಳೆ" ಅಂದರು. "ಬಟ್ಟೆ ಇಲ್ಲದ ಮನೆ ಖಾಲಿ, ನೀವೇ ಹೇಳಿಕೊಟ್ಟಿದ್ದಲ್ವಾ ಅಕ್ಕಾ?" ಅಂದ ಅಂಬಿಗ. ಅಷ್ಟರಲ್ಲಿ ನಮ್ಮ ಕಿಟಕಿಯ ಸರಳಿನ ನಡುವೆ ಒಂದು ಕೈ. ಅತ್ತೆಯ ಬಳೆ. ಗಲ್ಲದವರೆಗೆ ನೀರು.

ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಗಿರಣಿಯ ಮೋಟಾರು ನೀರಿಗೆ ಹೋಯಿತು, ಬಾಗಿಲು ಸೀಳಿ ಅತ್ತೆಯನ್ನು ಎಳೆದುಕೊಂಡೆವು. ಆ ಗಡಿಬಿಡಿಯಲ್ಲಿ ತೇಲಿಬಂದ ದಿಮ್ಮಿ ಬಡಿದು ತಮ್ಮ ಮುಂದಿನ ಎರಡು ಹಲ್ಲು ಮುರಿದವು ಅಂತ ಭಾವ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ. ಇನ್ನು ಬಟ್ಟೆಯನ್ನು ನಂಬುವುದಿಲ್ಲ. ಮೋಡ ಕಟ್ಟಿದಾಗಲೇ ಮನೆಮನೆಗೆ ಹೋಗಿ, ನಡೆಯಲಾಗದವರನ್ನು ಮೊದಲು ಹೊತ್ತು ತರುವುದು.

ಮಗುವಿನ ಮುತ್ತು, ಅತ್ತೆಯ ಆಶೀರ್ವಾದ ಎರಡೂ ಈ ಲಕೋಟೆಯಲ್ಲಿವೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮವಳು

ತಾ.ಕ.: ದಿಮ್ಮಿ ಗಿಮ್ಮಿ ಏನೂ ಇರಲಿಲ್ಲ. ಮೋಟಾರು ತಳ್ಳಲು ಹೋದಾಗ ನಿಮ್ಮಣ್ಣ ನನ್ನ ಜುಟ್ಟು ಹಿಡಿದು ಎಳೆದರು. ದೋಣಿಯ ಹುಟ್ಟಿನಿಂದ ಅವರ ಬಾಯಿಗೆ ಬಾರಿಸಿದವಳು ನಾನೇ, ಎರಡು ಸಲ. ಅವರ ಬಿಸಿ ರಕ್ತ ನನ್ನ ಮುಖಕ್ಕೆ ಚಿಮ್ಮಿತು. ನಿಮಗೆ ಬೇರೆಯವರಿಂದ ತಿಳಿಯಬಾರದು. ಅತ್ತೆ ಕಿಟಕಿಯಿಂದ ಎಲ್ಲ ನೋಡಿದ್ದಾರೆ. "ನಿಮ್ಮ ಮಗನಿಗೆ ಹೊಡೆದುಬಿಟ್ಟೆನಲ್ಲ ಅತ್ತೆ" ಅಂತ ಇವತ್ತು ಅವರ ಕಾಲು ಹಿಡಿದೆ. "ಹೊಡೆಯೋದಕ್ಕೆ ತಡ ಮಾಡಿದೆ ಕಣೇ" ಅಂದರು.