ಆಯುಧಪೂಜೆಗೆ ರಜೆ ಪಡೆದ ಗುರುತ್ವಮಾಪಕ

ವಿಜ್ಞಾನದ ಉಪಕರಣಗಳನ್ನು ಎರವಲು ಕೊಡುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನನ್ನ ಮಗಳು ಗಾರ್ಗಿ ಎಂಟು ವರ್ಷದಿಂದ ಅಳೆಯುತ್ತಿರುವ ಜ್ವಾಲಾಮುಖಿಯನ್ನು ಇನ್ನು ಅಳೆಯಬೇಕಾಗಿಲ್ಲ ಎಂದು ತಾವು ಕಳೆದ ವಾರ ಅಪ್ಪಣೆ ಕೊಡಿಸಿದ್ದೀರಿ. ಕಾರಣ ನಾನು. ನಿಮ್ಮ ಪತ್ರ ನನ್ನನ್ನು "ಗೃಹಸಂಬಂಧಿ ಅಡಚಣೆ" ಎಂದು ಕರೆದಿದೆ. ಮೂವತ್ತು ವರ್ಷ ನಿಮ್ಮ ದೇಶದ ಈ ಕಿಂಗ್ಸ್‌ಬರಿಯಲ್ಲಿ ಸಂಸಾರ ಮಾಡಿದ್ದಕ್ಕೆ ಸಿಕ್ಕ ಮೊದಲ ಬಿರುದು, ಸಂತೋಷ. ಕನ್ನಡದಲ್ಲಿ ಬರೆದಳೆಂದು ಮೂಗು ಮುರಿಯಬೇಡಿ. ನಮ್ಮ ಕೌನ್ಸಿಲ್‌ನವರು ಕಸದ ಡಬ್ಬಿಯ ವಿಷಯ ತಿಳಿಸುವುದಕ್ಕೂ ಆರು ಭಾಷೆಯಲ್ಲಿ ಕರಪತ್ರ ಹಾಕುತ್ತಾರೆ. ತಾವೂ ಒಬ್ಬ ಅನುವಾದಕರನ್ನು ಹುಡುಕಿಕೊಳ್ಳಬಹುದು.

ಮೊದಲು ತಪ್ಪೊಪ್ಪಿಗೆ. ಕಳೆದ ಅಕ್ಟೋಬರಿನಲ್ಲಿ ಗಾರ್ಗಿ ನೆಲದ ಸೆಳೆತ ಅಳೆಯುವ ನಿಮ್ಮ ಗುರುತ್ವಮಾಪಕವನ್ನು ಮನೆಗೆ ತಂದಳು. ಸೋಮವಾರ ಅವಳಿಗೆ ಆ ಜ್ವಾಲಾಮುಖಿಯಿರುವ ಮಧ್ಯ ಅಮೆರಿಕಕ್ಕೆ ವಿಮಾನ, ಶನಿವಾರ ನಮಗೆ ಆಯುಧಪೂಜೆ. ಹೊಲಿಗೆ ಯಂತ್ರ, ಕುಕ್ಕರ್, ನಮ್ಮ ಯಜಮಾನರ ಸ್ಟೆತಾಸ್ಕೋಪ್ ಎಲ್ಲವೂ ಹೂ ಮುಡಿದು ಕೂತಿರುವಾಗ ಮೂಲೆಯಲ್ಲಿ ಈ ಪೆಟ್ಟಿಗೆಯೊಂದೇ ಬೋಳಾಗಿ ಕಂಡಿತು. ಕುಂಕುಮ ಇಟ್ಟೆ, ಚೆಂಡುಹೂ ಏರಿಸಿದೆ. ಪೂಜೆಗಿಟ್ಟ ಸಾಧನ ಆ ದಿನ ದುಡಿಯಬಾರದು, ವಿಜಯದಶಮಿಯ ಬೆಳಿಗ್ಗೆಯೇ ಎತ್ತಿಕೊಳ್ಳಬೇಕು ಎಂಬುದು ಮೈಸೂರಿನ ನಮ್ಮ ಮನೆಯ ಪದ್ಧತಿ. ಅದಕ್ಕೇ ಗೋಡೆಯ ಸ್ವಿಚ್ಚನ್ನೂ ಆರಿಸಿದೆ. ಸಂಜೆಯ ಹೊತ್ತಿಗೆ ಒಳಗಿನ ಬ್ಯಾಟರಿಯೂ ಮುಗಿದಿತ್ತು.

"ಅಮ್ಮಾ, ಯೂ ಸ್ವಿಚ್ಡ್ ಇಟ್ ಆಫ್?" ಗಾರ್ಗಿ ಕಿರುಚಿದಳು.

"ಒಂದು ದಿನ ತಾನೇ ಕಣೇ. ಪಾಪ, ಅದಕ್ಕೂ ರಜೆ ಬೇಡ್ವಾ?"

"ಇಟ್ ಹ್ಯಾಸ್ ಟು ಸ್ಟೇ ವಾರ್ಮ್!"

ಹೋಗಿ ಶಾಲು ತಂದುಕೊಟ್ಟೆ.

ಕೊನೆಗೆ ಬುದ್ಧಿ ಹೇಳಿದವರು ಆಸ್ಪತ್ರೆಯಲ್ಲಿ ಹೃದ್ರೋಗದ ವಾರ್ಡು ನೋಡುವ ನಮ್ಮ ಯಜಮಾನರು. "ಅಂಬುಜಾ, ನಾವು ರೋಗಿಯ ತೂಕ ದಿನಾ ಒಂದೇ ಯಂತ್ರದಲ್ಲಿ ನೋಡ್ತೀವಿ. ಕಾಲು ಊದೋಕೆ ಮುಂಚೇನೇ ಮೈಯಲ್ಲಿ ನೀರು ತುಂಬಿದ್ದು ತಿಳಿಯುತ್ತೆ. ಬೆಟ್ಟದ್ದೂ ಅದೇ ಕಥೆ. ಕೆಳಗೆ ಕರಗಿದ ಕಲ್ಲು ತುಂಬಿದ್ರೆ ನೆಲದ ಸೆಳೆತ ಕೂದಲೆಳೆಯಷ್ಟು ಜಾಸ್ತಿ ಆಗುತ್ತೆ. ಯಂತ್ರದ ಒಳಗಿನ ಬಿಸಿ ಆರಿದ್ರೆ ಆ ಕೂದಲೆಳೆ ಲೆಕ್ಕಾನೇ ತಪ್ಪುತ್ತೆ."

ಗಾರ್ಗಿ ಪ್ರಯಾಣವನ್ನು ಹತ್ತು ದಿನ ಮುಂದಕ್ಕೆ ಹಾಕಿದಳು. ಯಂತ್ರ ಮತ್ತೆ ಬಿಸಿಯಾಗಿ ಸ್ಥಿಮಿತಕ್ಕೆ ಬಂದ ಮೇಲೆಯೇ ಹೊರಟಳು. ದಾಖಲೆ ಪುಸ್ತಕದಲ್ಲಿ "ಆಯುಧಪೂಜೆಯ ನಿಮಿತ್ತ ವಿದ್ಯುತ್ ಇರಲಿಲ್ಲ" ಎಂದು ಪ್ರಾಮಾಣಿಕವಾಗಿ ಬರೆದಳು. ಸುಳ್ಳು ಬರೆದಿದ್ದರೆ ತಮಗೆ ಗೊತ್ತಾಗುತ್ತಿತ್ತೇ?

ಆ ಬೆಟ್ಟದ ಸುತ್ತ, ಅಳೆಯುವ ಜಾಗದ ಗುರುತಿಗೆಂದು ನೆಲಕ್ಕೆ ಬಡಿದ ಇಪ್ಪತ್ತೊಂದು ಹಿತ್ತಾಳೆ ಮೊಳೆಗಳಿವೆ. ಪ್ರತಿ ಸಲವೂ ಅದೇ ಮೊಳೆಗಳ ಮೇಲೆ ಅದೇ ಯಂತ್ರ ಇಟ್ಟು, ಚಂದ್ರನ ಸೆಳೆತವನ್ನೂ ಕಳೆದು ಲೆಕ್ಕ ಹಾಕುತ್ತಾಳೆ. ಏಳು ವರ್ಷ ಏನೂ ಬದಲಾಗಲಿಲ್ಲ. ಈ ಸಲ ಪೂರ್ವದ ಮೂರು ಮೊಳೆಗಳಲ್ಲಿ ಸೆಳೆತ ಹೆಚ್ಚಿದೆ. ಅದು ಪೂಜೆಯ ಪ್ರಭಾವ ಎಂದು ತಮ್ಮ ತೀರ್ಪು. ಯಂತ್ರ ಕೆಟ್ಟಿದ್ದರೆ ಇಪ್ಪತ್ತೊಂದು ಕಡೆಯೂ ಸುಳ್ಳು ಹೇಳಬೇಕಿತ್ತಲ್ಲವೇ? ದಿನವೂ ಸಂಜೆ ಮೊದಲ ಮೊಳೆಗೆ ವಾಪಸು ಬಂದು ನೋಡಿದಾಗ ಅಂಕಿ ಸರಿಯಾಗಿಯೇ ಇತ್ತಲ್ಲ? ಅಥವಾ ನನ್ನ ಕುಂಕುಮಕ್ಕೆ ಪೂರ್ವ ದಿಕ್ಕಿನ ಮೇಲೆ ಮಾತ್ರ ವಿಶೇಷ ಮಮತೆಯೇ? ಇನ್ನು "ಎಂಟು ವರ್ಷ ಏನೂ ಸಿಡಿದಿಲ್ಲ" ಎಂಬ ತಮ್ಮ ಎರಡನೆಯ ಕಾರಣ. ಇಷ್ಟು ದಿನ ಕಳ್ಳ ಬರಲಿಲ್ಲವೆಂದು ತಾವು ಮನೆಯ ಚಿಲಕ ಕಿತ್ತುಹಾಕಿದ್ದೀರಾ?

ನನ್ನಿಂದ ಸಂದೇಹ ಹುಟ್ಟಿದ್ದು ನಿಜ, ಅದಕ್ಕೆ ನಾಚಿಕೆಯೂ ಆಗಿದೆ. ಆದರೆ ಸಂದೇಹ ಹೋಗಬೇಕಾದರೆ ಮತ್ತೊಮ್ಮೆ ಅಳೆಯಬೇಕು.

ಆ ಮೂರರಲ್ಲಿ ಒಂದು ಮೊಳೆ ಒಬ್ಬ ಅಜ್ಜಿಯ ಹಿತ್ತಲಲ್ಲಿದೆ. ಗಾರ್ಗಿ ಬರುವಳೆಂದರೆ ಆಕೆ ಕೋಳಿಗೂಡು ಸರಿಸಿ, ಮೊಳೆಯ ಸುತ್ತ ಗುಡಿಸಿಡುತ್ತಾಳಂತೆ. ಹೊರಡುವಾಗ "ಮತ್ತೆ ಯಾವಾಗ?" ಎಂದು ಕೇಳಿದ್ದಕ್ಕೆ ಮಗಳು "ಮಾರ್ಚ್" ಎಂದು ಹೇಳಿ ಬಂದಿದ್ದಾಳೆ. ತಮ್ಮ ಪತ್ರ ಬಂದಾಗಿನಿಂದ ಅವಳು ಸರಿಯಾಗಿ ಊಟ ಮಾಡಿಲ್ಲ. ನನಗಂತೂ ಭಯವಾಗಿದೆ.

ಆದ್ದರಿಂದ ಅದೇ ಯಂತ್ರವನ್ನು ಈ ಮಾರ್ಚಿಗೆ ನನ್ನ ಮಗಳಿಗೆ ಕೊಡಿ. ನಮ್ಮ ಮನೆಗೆ ತರಬಾರದೆಂದು ಷರತ್ತು ಹಾಕಿ, ರುಜು ಮಾಡುತ್ತೇನೆ. ಕೊಡುವುದಿಲ್ಲವೆಂದರೆ ಆ ಅಜ್ಜಿಗೆ ತಾವೇ ಒಂದು ಕಾಗದ ಬರೆದು, ಇನ್ನು ಕೋಳಿಗೂಡು ಸರಿಸಬೇಕಾಗಿಲ್ಲ ಎಂದು ತಿಳಿಸಿ. ಕೆಳಗೆ ತಮ್ಮ ಹೆಸರು ಹಾಕುವುದನ್ನು ಮಾತ್ರ ಮರೆಯಬೇಡಿ.

ಇಂತಿ,
ಸ್ವಿಚ್ ಆರಿಸಿದ ಕೈಯಿಂದಲೇ ಇದನ್ನೂ ಬರೆದ,
ಅಂಬುಜಾ ವೇಣುಗೋಪಾಲ
ಕಿಂಗ್ಸ್‌ಬರಿ, ಫೆಬ್ರವರಿ 2004