ಅನ್ನದಾನಮ್ಮ ಎಂಬ ಹೆಸರನ್ನು ಅನ್ನದಾನಮ್ಮ ಬಳಸಬಾರದಂತೆ

ವ್ಯಾಪಾರ ಚಿಹ್ನೆಗಳ ನೋಂದಣಿ ಅಧಿಕಾರಿಗಳೇ,

ಕೊಟ್ಟೂರಿನ ನನ್ನ ತಾಯಿ ಅನ್ನದಾನಮ್ಮ ತಾನು ಕುಟ್ಟಿದ ಶೇಂಗಾ ಚಟ್ನಿಪುಡಿಯನ್ನು ಇನ್ನು 'ಅನ್ನದಾನಮ್ಮ' ಎಂಬ ಹೆಸರಿನಲ್ಲಿ ಮಾರಕೂಡದು. ಆ ಹೆಸರು ಈಗ ಕಡಲಾಚೆಯ ಕಂಪನಿಯೊಂದರ ಸ್ವತ್ತು. ನಮ್ಮ ತಕರಾರನ್ನು ತಾವು ತಳ್ಳಿಹಾಕಿದ್ದೀರಿ, ಅದನ್ನೇ ಹಿಡಿದು ಅವರ ವಕೀಲರು ನೋಟಿಸು ಕಳಿಸಿದ್ದಾರೆ. ಬಹಳ ಸಂತೋಷ! ಹೆತ್ತವರು ತೊಟ್ಟಿಲಲ್ಲಿಟ್ಟು ಕರೆದ ಹೆಸರಿಗೆ ಅರವತ್ತು ದಾಟಿದ ಮೇಲೆ ಮಾಲೀಕರು ಸಿಕ್ಕಿದ್ದಾರೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಹೆಸರು ಕೇಳಿದರೆ ಆಕೆ ಏನು ಹೇಳಬೇಕು, ಅದನ್ನೂ ತಿಳಿಸಿಬಿಡಿ.

ತಾವು ನೆಚ್ಚಿಕೊಂಡದ್ದು ಕಂಪನಿ ಒಪ್ಪಿಸಿದ ಒಂದು ವಿಡಿಯೊ. ಅದರಲ್ಲಿ ಅವ್ವ ನಗುನಗುತ್ತಾ ತನ್ನ ಹೆಸರು ಕೊಡುತ್ತಾಳೆ, ನಿಜ. ಏಕೆ ಕೊಟ್ಟಳೆಂದು ಕೇಳುವ ವ್ಯವಧಾನ ತಮಗಿರಲಿಲ್ಲ, ಹೇಳುತ್ತೇನೆ ಕೇಳಿ. ನಮ್ಮ ಮನೆಯ ಒರಳ ಮುಂದೆ ಕುಳಿತು ಪುಡಿ ಕುಟ್ಟಲು ಕೈ ಪಳಗಿಸಿಕೊಂಡ ಯಾವ ಹೆಂಗಸೇ ತನ್ನೂರಿಗೆ ಹೊರಟರೂ, ಅವ್ವ ಆಕೆಯ ಸೆರಗಿಗೆ ಒಂದು ಬೊಗಸೆ ಪುಡಿ ಹಾಕಿ ಉಡಿ ತುಂಬುತ್ತಾಳೆ. "ನನ್ನ ಹೆಸರು ಹೇಳಿ ಮಾರವ್ವ, ಹೆಸರು ಮಾತ್ರ ಕೆಡಸಬ್ಯಾಡ" ಅನ್ನುತ್ತಾಳೆ. ಅಜ್ಜಿಯ ಕಾಲದಿಂದ ನಡೆದುಬಂದ ಪದ್ಧತಿ. ಹಿರೇಹಡಗಲಿಯ ಪಂಪಮ್ಮ, ಗುಡೇಕೋಟೆಯ ಅಂಜಿನಕ್ಕ, ಇವರೆಲ್ಲ ಹೀಗೆ ಉಡಿ ತುಂಬಿಸಿಕೊಂಡು ಹೋದವರು. ಗಂಡ ತೀರಿಕೊಂಡ ಮೇಲೆ ಪಂಪಮ್ಮ ಆ ಹೆಸರಿನ ಮೇಲೆಯೇ ಮಕ್ಕಳನ್ನು ಸಾಕಿದಳು. ಒಬ್ಬರಾದರೂ ಅವ್ವನಿಗೆ ನೋಟಿಸು ಕೊಡಲಿಲ್ಲ ನೋಡಿ, ಎಂಥ ತಿಳಿಗೇಡಿಗಳು!

ಆ ಕಂಪನಿಯಿಂದ ಬಂದ ಹೆಣ್ಣುಮಗಳೊಬ್ಬಳೂ ಹೀಗೇ ಕಲಿಯಲು ನಮ್ಮಲ್ಲಿ ನಾಲ್ಕು ದಿನ ಕುಳಿತಳು. ಖಾರದ ಘಾಟಿಗೆ ಕಣ್ಣು ಮೂಗು ಸುರಿಸಿದಳು, ರೊಟ್ಟಿ ತಟ್ಟಲು ಹೋಗಿ ಕೈ ಸುಟ್ಟುಕೊಂಡಳು. ಅವ್ವನೇ ಬೆಣ್ಣೆ ಹಚ್ಚಿದಳು. ಹೊರಡುವ ದಿನ, ಪ್ಯಾಂಟು ತೊಟ್ಟವಳಿಗೆ ಸೆರಗೆಲ್ಲಿ? ಅವ್ವ ತನ್ನ ಇಳಕಲ್ ಸೀರೆಯನ್ನೇ ಹೊದಿಸಿ ಉಡಿ ತುಂಬಿದಳು. ಎಲ್ಲರಿಗೂ ಹೇಳಿದ ಮಾತನ್ನೇ ಹೇಳಿದಳು. ಜೊತೆಗೆ ಬಂದವನು ಫೋನಿನಲ್ಲಿ ಹಿಡಿದುಕೊಂಡ. ನೆನಪಿಗೆ ಅಂದಿದ್ದ.

ವಿಚಾರಣೆಯ ದಿನ ವಕೀಲ ಅರುಣಕುಮಾರರ ಕಚೇರಿಯ ಕಂಪ್ಯೂಟರಿನಲ್ಲಿ ತಾವು ಕಾಣಿಸಿಕೊಂಡಿರಿ. ಆ ವಿಡಿಯೊ ಹಾಕಿಸಿ, ಈ ಮಾತು ನೀವೇ ಆಡಿದ್ದೋ ಎಂದು ಅವ್ವನನ್ನು ಕೇಳಿದಿರಿ. ವಕೀಲರು ಬಾಯಿ ತೆರೆಯುವ ಮೊದಲೇ ಅವ್ವ, "ಹೌದ್ರಿ ಸಾಹೇಬ್ರ, ನಾನಽ ಅಂದೀನಿ. ಆ ಹುಡುಗಿ ಆರಾಮ್ ಅದಾಳೇನ್ರಿ?" ಎಂದಳು. ಅಲ್ಲಿಗೆ ತಮ್ಮ ಕೆಲಸ ಮುಗಿಯಿತು. ಕೊಟ್ಟವಳು ಸುಳ್ಳಾಡಲಿಲ್ಲ, ಪಡೆದವರಿಗೆ ಲಾಭವಾಯಿತು. ಸ್ವಾಮಿ, ಹತ್ತು ಮಂದಿಗೆ ಕೊಟ್ಟದ್ದನ್ನು ಹನ್ನೊಂದನೆಯವರು ಬಂದು ಹತ್ತು ಮಂದಿಯಿಂದಲೂ ಕಿತ್ತುಕೊಂಡರೆ ಅದಕ್ಕೆ ಒಪ್ಪಿಗೆ ಎನ್ನುತ್ತಾರೆಯೇ? ಕೊಟ್ಟವಳೇ ಬರಿಗೈಯಲ್ಲಿ ನಿಲ್ಲುವ ದಾನ ಯಾವ ಕಾಯಿದೆಯಲ್ಲಿದೆ?

ತಮ್ಮ ಆದೇಶದ, ನೋಟಿಸಿನ ಸುದ್ದಿಯನ್ನು ಅವ್ವನಿಗೆ ನಾನು ಇನ್ನೂ ಹೇಳಿಲ್ಲ. ಹೇಳುವ ಧೈರ್ಯವಿಲ್ಲ. ಆಕೆಯ ಲೆಕ್ಕದಲ್ಲಿ ಪರದೇಶದಲ್ಲೂ ತನ್ನ ಶಿಷ್ಯೆಯೊಬ್ಬಳು ಇದ್ದಾಳೆ, ಅಷ್ಟೇ. ಮೊನ್ನೆ ಶೇಂಗಾ ಹುರಿಯುತ್ತಾ, "ಗೀತಾ, ಆಕಿ ಪುಡಿ ಚಲೋ ಮಾಡ್ತಾಳಂತೇನು? ಬೆಳ್ಳುಳ್ಳಿ ಸುಲಿಯಾಕ ಬ್ಯಾಸರ ಮಾಡ್ಕೊಂತಿದ್ಲು" ಎಂದು ಕೇಳಿದಳು. ನಾನು ಹಿತ್ತಿಲಿಗೆ ಹೋಗಿ ಅತ್ತು ಬಂದೆ.

ಬರುವ ಸೋಮವಾರ ಮಾಗಳದ ಕ್ರಾಂತಿ ಎಂಬ ಹುಡುಗಿ ಕಲಿಕೆ ಮುಗಿಸಿ ಹೊರಡುತ್ತಾಳೆ. ಗಂಡನ ಮನೆ ಬಿಟ್ಟು ಬಂದವಳು, ಆಕೆಗೆ ಬೇರೆ ದಾರಿಯಿಲ್ಲ. ಉಡಿಗೆಂದು ಹೊಸ ಸೀರೆಯನ್ನೂ ತಂದಿಟ್ಟುಕೊಂಡಿದ್ದಾಳೆ.

ಆದ್ದರಿಂದ ತಮ್ಮ ಆದೇಶವನ್ನು ತಡೆಹಿಡಿದು, ಈ ಹೆಸರಿನಲ್ಲಿ ಬದುಕುತ್ತಿರುವ ಹೆಂಗಸರನ್ನೆಲ್ಲ ಕರೆದು ಮತ್ತೆ ವಿಚಾರಣೆ ಮಾಡಿ. ಕಂಪನಿಯವರೂ ಆ ಹೆಸರಿನಲ್ಲೇ ಮಾರಿಕೊಳ್ಳಲಿ, ಅವ್ವ ಕೊಟ್ಟದ್ದನ್ನು ನಾವು ವಾಪಸು ಕೇಳುವುದಿಲ್ಲ. ಇದು ಆಗದಿದ್ದರೆ ಸೋಮವಾರ ತಾವೇ ನಮ್ಮ ಮನೆಗೆ ಬನ್ನಿ. ಆ ಹುಡುಗಿ ಸೆರಗೊಡ್ಡಿ ನಿಂತಾಗ ನನ್ನ ತಾಯಿಯ ಬಾಯಿ ಮುಚ್ಚಿಸಿ. ಅದು ನನ್ನಿಂದಾಗದು.

ಇಂತಿ,
ಯಾರ ಮಗಳೆಂದು ಬರೆಯಲು ಕಂಪನಿಯ ಅಪ್ಪಣೆಗೆ ಕಾದಿರುವ
ಗೀತಾಂಜಲಿ, ಕೊಟ್ಟೂರು