ತಾರಸಿಯ ಬಟ್ಟೆ ಕಳ್ಳ

ಹೊಸ ಮನೆ, ನಾಲ್ಕನೆಯ ಮಹಡಿ,
ತಾರೀಕು ಹದಿನಾಲ್ಕು, ಭಾನುವಾರ ಬೆಳಿಗ್ಗೆ.

ಪ್ರೀತಿಯ ಮನೆಯಾಕೆಗೆ,

ಮನೆ ಇಲ್ಲಿದೆ, ಮನೆಯಾಕೆ ಮಾತ್ರ ತಂಗಿಯ ಮನೆಯಲ್ಲಿ ಕುಳಿತಿದ್ದಾಳೆ. ಆದರೂ ಹಾಗೇ ಕರೆಯುತ್ತೇನೆ. ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಶೀಸೆಯನ್ನು ಕಿಟಕಿಯಲ್ಲಿಟ್ಟು ನೋಡಿಯೇ ವಾಸಿ ಮಾಡಿಕೊಳ್ಳುತ್ತಿದ್ದೀಯೋ? ಎರಡು ತಿಂಗಳಿಂದ ನನ್ನ ಹೆಂಡತಿಯನ್ನು ಇಟ್ಟುಕೊಂಡಿದ್ದಕ್ಕೆ ನನಗೇನೂ ಸಿಟ್ಟಿಲ್ಲ ಎಂದು ನಿನ್ನ ತಂಗಿಗೆ ಹೇಳು. ಸುಳ್ಳೆಂದು ಅವಳಿಗೆ ಗೊತ್ತಾಗುತ್ತದೆ, ಗೊತ್ತಾಗಲಿ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅನ್ನ ಮಾತ್ರ ಒಂದು ದಿನ ಗಂಜಿಯಾಗುತ್ತದೆ, ಒಂದು ದಿನ ಅಕ್ಕಿಯಾಗಿಯೇ ಉಳಿಯುತ್ತದೆ.

ಬಸ್ ನಿಲ್ದಾಣದಲ್ಲಿ ನೀನು ಹಾಕಿದ ಷರತ್ತು ಮರೆತಿಲ್ಲ. ಮೂವತ್ತೊಂದು ವರ್ಷ ಹಗಲು ಹೊತ್ತು ಬಾಗಿಲು ಹಾಕದ ಮನೆಯಲ್ಲಿ ಬಾಳಿದವಳು ನೀನು. "ರೀ, ಮೊದ್ಲು ನೀವು ಹೋಗಿ. ಒಬ್ಬರಾದ್ರೂ ಏನೂ ಕೆಲಸ ಇಲ್ದೆ ಸುಮ್ನೆ ಬಂದು ನಿಮ್ಮ ಬಾಗಿಲು ತಟ್ಟಿದ ದಿನ ಬರೀರಿ, ನಾನು ಬರ್ತೀನಿ" ಅಂದೆ. ನಾನು ನಕ್ಕೆ. ಒಂದು ವಾರದ ಮಾತು ಅಂದುಕೊಂಡೆ. ಇಲ್ಲಿ ಬಂದು ನೋಡಿದರೆ ಪ್ರತಿ ಬಾಗಿಲಿಗೂ ಒಂದು ಗಾಜಿನ ಕಣ್ಣು! ನಮ್ಮದಕ್ಕೂ ಇದೆ. ಮೊದಲ ವಾರ ದಿನಕ್ಕೆ ಹತ್ತು ಸಲ ಇಣುಕಿದೆ. ಎದುರು ಮನೆಯ ಬಾಗಿಲು ಬಿಟ್ಟರೆ ಏನೂ ಕಾಣಲಿಲ್ಲ. ಆ ಕಡೆಯಿಂದ ಅವರೂ ಇಣುಕುತ್ತಿದ್ದರೋ ಏನೋ.

ಲಿಫ್ಟಿನಲ್ಲಿ ಎಲ್ಲರೂ ಬಾಗಿಲ ಮೇಲಿನ ಅಂಕಿಗಳನ್ನೇ ನೋಡುತ್ತಾ ನಿಲ್ಲುತ್ತಾರೆ, ಪರೀಕ್ಷೆಯ ಫಲಿತಾಂಶ ಬರುತ್ತದೆ ಅನ್ನುವ ಹಾಗೆ. ಹೀಗಾಗಿ ಜನರ ಮುಖಕ್ಕಿಂತ ಮೊದಲು ನನಗೆ ಅವರ ಬೆನ್ನು ಪರಿಚಯವಾಯಿತು. ಐದನೇ ಮಹಡಿಯವರ ಎಡ ಭುಜ ಅರ್ಧ ಇಂಚು ಇಳಿದಿದೆ. ಆರನೇ ಮಹಡಿಯವರಿಗೆ ಯಾವನೋ ಪುಣ್ಯಾತ್ಮ ಕಾಲರನ್ನು ಸೊಟ್ಟಗೆ ಕೂರಿಸಿದ್ದಾನೆ. ಒಂದು ದಿನ ಒಬ್ಬರ ಬೆನ್ನ ಮೇಲೆ ದಾರದ ಎಳೆ ನೇತಾಡುತ್ತಿತ್ತು. ಕೈ ಸುಮ್ಮನಿದ್ದೀತೇ? ಕಿತ್ತುಬಿಟ್ಟೆ. ಹಾವು ಕಡಿದವರಂತೆ ಹಾರಿದರು ಮಹಾನುಭಾವರು. ಮಾರನೆಯ ದಿನದಿಂದ ನನ್ನನ್ನು ಕಂಡರೆ ಮೆಟ್ಟಿಲು ಹತ್ತಿಯೇ ಹೋಗುತ್ತಾರೆ.

ಹಗಲೆಲ್ಲ ಲಾಂಡ್ರಿಯಲ್ಲಿ ಕೆಲಸ. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು. ಈ ಊರಿನವರ ಹೊಟ್ಟೆ ಬಟ್ಟೆಗಿಂತ ಬೇಗ ಬೆಳೆಯುತ್ತದೆ. ಸಂಜೆ ಮತ್ತು ಭಾನುವಾರ ಮನೆಯಲ್ಲಿ ನಮ್ಮ ಹಳೆಯ ಹೊಲಿಗೆ ಮೆಷಿನ್ನು. ಅದರ ಗಡಗಡ ಕೆಳಗಿನ ಮನೆಗೂ ಕೇಳುತ್ತದೆ. ಅಲ್ಲಿರುವವರು ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ, ಒಂಟಿ ಜೀವ. ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ, "ಏನ್ರೀ, ಬೆಳಗೆದ್ದು ನಮ್ಮ ತಲೆ ಮೇಲೆ ರೈಲು ಓಡಿಸ್ತೀರಲ್ಲ!" ಎಂದು ಗದರಿದರು. ಮೆಷಿನ್ನಿನ ಕಾಲಡಿಗೆ ಹಳೇ ಕಂಬಳಿ ಹಾಸಿದೆ. ರೈಲು ನಿಲ್ಲಲಿಲ್ಲ, ಸ್ವಲ್ಪ ಕೆಮ್ಮುತ್ತಾ ಓಡುತ್ತಿದೆ.

ಈಗ ನನ್ನ ಮಹಾಪರಾಧ ಕೇಳು. ತಾರಸಿಯಲ್ಲಿ ಎಲ್ಲರೂ ಬಟ್ಟೆ ಒಣಹಾಕುತ್ತಾರೆ. ಒಂದು ಬೆಳಿಗ್ಗೆ ಹೋದಾಗ ಬಿಳಿ ಅಂಗಿಯೊಂದರ ಗುಂಡಿ ಒಂದೇ ಎಳೆಯಲ್ಲಿ ಜೀವ ಹಿಡಿದುಕೊಂಡಿತ್ತು. ಯಾರದ್ದೆಂದು ಯಾರನ್ನು ಕೇಳಲಿ? ಕೆಳಗೆ ತಂದು ಗುಂಡಿ ಹೊಲಿದು, ಸಂಜೆ ಲಾಂಡ್ರಿಯಿಂದ ಬಂದು ಮತ್ತೆ ತಂತಿಗೆ ಹಾಕಿದೆ. ಮರುದಿನ ಅಂಚು ಬಿಚ್ಚಿದ ಒಂದು ಪುಟ್ಟ ಫ್ರಾಕು. ಆಮೇಲೆ ಕಾವಲುಗಾರನ ಜೇಬು ಹರಿದ ಅಂಗಿ. ಯಾವ ತಂತಿಯಿಂದ ತೆಗೆದೆನೋ ಆ ತಂತಿಯೂ ನೆನಪಿರುತ್ತಿರಲಿಲ್ಲ. ಹೀಗೇ ಮೂರು ವಾರ ನಡೆಯಿತು.

ಒಂದು ದಿನ ಲಿಫ್ಟಿನ ಪಕ್ಕದಲ್ಲಿ ಚೀಟಿ: ತಾರಸಿಯಿಂದ ಬಟ್ಟೆಗಳು ಕಾಣೆಯಾಗುತ್ತಿವೆ, ಎಲ್ಲರೂ ಎಚ್ಚರವಾಗಿರಬೇಕು. ಓದಿ ನನ್ನ ಮೈ ಉರಿದುಹೋಯಿತು ಕಣೇ. ಛೀ, ಒಣಹಾಕಿದ ಬಟ್ಟೆ ಕದಿಯುವಷ್ಟು ಕೆಟ್ಟರೇ ಜನ! ಸೀದಾ ಕಟ್ಟಡದ ಕಾರ್ಯದರ್ಶಿಗಳ ಬಳಿ ಹೋಗಿ, ಭಾನುವಾರ ನಾನೇ ಕಾವಲು ಕೂರುತ್ತೇನೆ ಎಂದೆ. "ಹೊಸಬರಾದ್ರೂ ಎಷ್ಟು ಕಾಳಜಿ ನಿಮ್ಗೆ" ಎಂದು ಅವರು ನನ್ನ ಕೈ ಕುಲುಕಿದರು. ನಗಬೇಡ. ನನಗೆ ಹೊಳೆದೇ ಇರಲಿಲ್ಲ. ಕದ್ದವನು ಕಳ್ಳ, ಹೊಲಿದವನು ದರ್ಜಿ ತಾನೇ?

ಭಾನುವಾರ ನೀರಿನ ಟ್ಯಾಂಕಿನ ಹಿಂದೆ ಛತ್ರಿ ಹಿಡಿದು ಕೂತೆ. ಒಂದು ಗಂಟೆಯಾದರೂ ಕಳ್ಳನ ಸುಳಿವಿಲ್ಲ. ಎದುರಿಗೆ ಹಿಂಬದಿ ಹೊಲಿಗೆ ಬಿಟ್ಟ ಒಂದು ಪ್ಯಾಂಟು ಗಾಳಿಗೆ ಬಾಯಿ ತೆರೆದು ನೇತಾಡುತ್ತಿತ್ತು. ನನ್ನ ಕಾಲರಿನಲ್ಲಿ ಸೂಜಿ ದಾರ ಯಾವಾಗಲೂ ಇರುತ್ತದೆ, ನಿನಗೆ ಗೊತ್ತು. ಸುಮ್ಮನೆ ಕೂರುವ ಬದಲು ಎಂದು ತೊಡೆಯ ಮೇಲೆ ಹಾಕಿಕೊಂಡು ಅರ್ಧ ಹೊಲಿದಿದ್ದೆ, ಅಷ್ಟರಲ್ಲಿ ಕಾರ್ಯದರ್ಶಿಗಳು ನಾಲ್ಕು ಜನರೊಂದಿಗೆ ಮೇಲೆ ಬಂದರು. ಪ್ಯಾಂಟು ಅವರದ್ದೇ! ಆಗ ಹೊಳೆಯಿತು ನನಗೆ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಜೊತೆಗೆ ಬಂದಿದ್ದ ಒಬ್ಬ ಹೆಂಗಸು ತಂತಿಯ ಮೇಲಿದ್ದ ಆ ಪುಟ್ಟ ಫ್ರಾಕಿನ ಅಂಚು ತಿರುಗಿಸಿ ನೋಡಿ, "ಅಯ್ಯೋ, ಇದು ನೀವು ಹೊಲಿದದ್ದಾ? ನಮ್ಮನೆಯವ್ರು ಹೊಲಿದ್ರು ಅಂದ್ಕೊಂಡು ಒಂದು ವಾರ ಅವರ ಮೇಲೆ ರೇಗ್ಲೇ ಇಲ್ವಲ್ಲ!" ಅಂದಳು. ಮೊದಲು ನಕ್ಕವರು ಕಾರ್ಯದರ್ಶಿಗಳು. ಆಮೇಲೆ ತಾರಸಿಯೆಲ್ಲ ನಗು.

ಅಂದಿನಿಂದ ನಮ್ಮ ಬಾಗಿಲಿಗೆ ಪುರುಸೊತ್ತಿಲ್ಲ. ದಿಂಬಿನ ಚೀಲ, ಶಾಲೆಯ ಬ್ಯಾಗು, ಒಬ್ಬರಂತೂ ಬೆಕ್ಕಿಗೆ ಸ್ವೆಟರು ಮಾಡಿಕೊಡಿ ಎಂದು ಬೆಕ್ಕನ್ನೇ ಹೊತ್ತು ತಂದರು. ಅಳತೆ ಕೊಡಲು ಬೆಕ್ಕು ಒಪ್ಪಲಿಲ್ಲ. ಆದರೆ ನಿನ್ನ ಷರತ್ತಿನ ಪ್ರಕಾರ ಇದ್ಯಾವುದೂ ಲೆಕ್ಕಕ್ಕಿಲ್ಲ, ನನಗೆ ಗೊತ್ತು. ಹದಿನೇಳು ಸಲ ಬಾಗಿಲು ತಟ್ಟಿದ್ದಾರೆ, ಹದಿನೇಳೂ ಸಲ ಕೈಯಲ್ಲಿ ಕೆಲಸ. ಸುಮ್ಮನೆ ಬಂದವರು ಒಬ್ಬರೂ ಇಲ್ಲ. ನಿನ್ನೆ ಸಂಜೆ ಬೇಜಾರಾಗಿ, ಒಬ್ಬರು ಸುಮ್ಮನೆ ಬಂದರು ಎಂದು ಸುಳ್ಳು ಪತ್ರ ಬರೆದೆ. ಓದಿದರೆ ನನಗೇ ನಂಬಿಕೆ ಬರಲಿಲ್ಲ, ಹರಿದುಹಾಕಿದೆ. ಇವತ್ತು ಮೆಷಿನ್ ಮುಚ್ಚಿಟ್ಟು ಏಳು ಗಂಟೆಯಿಂದ ಈ ನಿಜವಾದ ಪತ್ರ ಬರೆಯುತ್ತಾ ಕೂತಿದ್ದೇನೆ. ಈಗ ಹನ್ನೊಂದು. ಕಿಟಕಿಯ ಬೆಳಕಿಗೆ ನಿನ್ನ ಕುರ್ಚಿ ಹಾಕಿಟ್ಟಿದ್ದೇನೆ. ನಿನ್ನ ಹಾಗೆ ಗುಂಡಿಯ ಕಾಜ ಹೊಲಿಯಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಇಲ್ಲಿ ನನಗೆ ಎಲ್ಲವೂ ಇಷ್ಟವಾಗಿದೆ, ನೀನಿಲ್ಲದ್ದು ಮಾತ್ರ ಸಹಿಸಲು ಆಗುತ್ತಿಲ್ಲ. ಆದರೂ ಮಾತು ಮಾತೇ. ಕಾಯುತ್ತೇನೆ.

ತಂಗಿಗೂ ಅವಳ ಯಜಮಾನರಿಗೂ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಮೊಣಕಾಲಿಗೆ ವಿಶೇಷ ಆಶೀರ್ವಾದ.

ಇತಿ ನಿನ್ನ,
ತಾರಸಿಯ ಕಳ್ಳ

ಸಹಿ ಹಾಕಿದ ಮೇಲೆ: ಲಕೋಟೆ ಹುಡುಕುತ್ತಿದ್ದೆ, ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ನರ್ಸಮ್ಮ. ಅಭ್ಯಾಸದಂತೆ ಕೈ ಚಾಚಿ "ಏನು ಹೊಲೀಬೇಕಿತ್ತು?" ಅಂದೆ. "ಏನೂ ಇಲ್ರೀ. ಬೆಳಿಗ್ಗೆಯಿಂದ ರೈಲೇ ಓಡ್ಲಿಲ್ವಲ್ಲ, ಹುಷಾರಾಗಿದೀರೋ ಇಲ್ವೋ ಅಂತ ನೋಡೋಕೆ ಬಂದೆ" ಅಂದರು. ಅವರ ಎರಡೂ ಕೈ ನೋಡಿದೆ ಕಣೇ. ಖಾಲಿ! ನನ್ನ ಕಣ್ಣಲ್ಲಿ ನೀರು ಕಂಡು ಜ್ವರವೆಂದುಕೊಂಡು ಹಣೆ ಮುಟ್ಟಿ ನೋಡಿದರು. ಈಗ ನಿನ್ನ ಕುರ್ಚಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದಾರೆ. "ನಿಮ್ಮ ಮನೆಯವರು ಯಾವಾಗ ಬರ್ತಾರೆ?" ಎಂದು ಕೇಳಿದರು. ಬರುವ ಭಾನುವಾರ ಎಂದು ಹೇಳಿಬಿಟ್ಟಿದ್ದೇನೆ.